ಮೂವತ್ತು ಪ್ಲೇಟ್ ಇಡ್ಲಿ ಮತ್ತು ಒಂದು ಮೂಗು

ಅನರ್ಥಕ್ಕೆಲ್ಲ ಕಾರಣ ಒಂದು ಉಪನ್ಯಾಸ. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಹುಮ್ಮಸ್ಸಿನಲ್ಲಿ ಎಲ್ಲರಿಗೂ ಎಲ್ಲದರಲ್ಲೂ ತರಬೇತಿ ಕೊಡುತ್ತಿದ್ದ ಕಾಲ. ಹೋಟೆಲ್ ಮಾಲೀಕರ ಸರದಿ ಬಂದಾಗ ಬೆಂಗಳೂರಿನ ಶೈಲಜಾ ಮೇಡಂ, “ಗಿರಾಕಿ ತಿಂದದ್ದನ್ನು ಮರೆಯುತ್ತಾನೆ; ಮೂಗಿಗೆ ಬಡಿದದ್ದನ್ನು ಸಾಯುವವರೆಗೂ ಮರೆಯುವುದಿಲ್ಲ” ಎಂದರು. ಉಳಿದವರು ಅದನ್ನು ಉಪದೇಶವೆಂದು ಬರೆದುಕೊಂಡರು. ಶಿಡ್ಲಘಟ್ಟದ ಅಂಬರೀಶನಿಗೆ ಮಾತ್ರ ಅದು ಬೆದರಿಕೆಯಂತೆ ಕೇಳಿಸಿತು.

ಅವನ ಹೋಟೆಲಿನ ಗೋಡೆಯಾಚೆಗೇ ಆವಲಪ್ಪನ ರೇಷ್ಮೆ ನೂಲಿನ ಕಾರ್ಖಾನೆ. ಬೆಳಗಿನಿಂದ ಅಲ್ಲಿ ಗೂಡು ಬೇಯುತ್ತಿತ್ತು. ಗೂಡಿನೊಳಗಿನ ಹುಳುವೂ ಬೇಯುತ್ತಿತ್ತು. ಊರವರ ಮೂಗಿಗೆ ಅದು ವಾಸನೆಯಲ್ಲ, ಗಾಳಿ. ಹೊರಗಿನವರು ಮಾತ್ರ ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತಿದ್ದರು.

ಮತ್ತು ಹೊರಗಿನವನೊಬ್ಬ ಇಂದು ಹನ್ನೆರಡರ ಹೊತ್ತಿಗೆ ಹೋಟೆಲ್ ನೋಡಲು ಬರುವವನಿದ್ದ. ನಂದಿಯಿಂದ ಕೈವಾರದವರೆಗೆ ಯಾತ್ರಿಕರನ್ನು ಸುತ್ತಿಸುವ ಟೂರ್ ಬಸ್ಸಿನ ಕೋನಪ್ಪ, ಮಧ್ಯಾಹ್ನದ ಊಟಕ್ಕೆ ದಿನವೂ ಬಸ್ ನಿಲ್ಲಿಸಲು ಹೋಟೆಲ್ ಹುಡುಕುತ್ತಿದ್ದ. “ನನಗೆ ಹೆಚ್ಚೇನೂ ಬೇಡಪ್ಪ. ಜನ ಇಳಿದ ತಕ್ಷಣ ಕೂರೋಕೆ ಜಾಗ ಇರ್ಬೇಕು, ಅಷ್ಟೆ,” ಎಂದು ಫೋನಿನಲ್ಲಿ ಹೇಳಿದ್ದ. ಜಾಗಕ್ಕೆ ಅಂಬರೀಶನಲ್ಲಿ ಎಂದೂ ಕೊರತೆಯಿರಲಿಲ್ಲ, ಕೂರುವವರದ್ದೇ ಕೊರತೆ. ಎದುರಿನ ವೆಂಕಟರಾಮಪ್ಪನ ಸ್ಥಿತಿ ಇನ್ನೂ ಕಷ್ಟ. ಅವನ ಹೋಟೆಲಿನ ನೊಣಗಳೂ ಊಟಕ್ಕೆ ಇಲ್ಲಿಗೇ ಬರುತ್ತಿದ್ದವು. ಈ ಬಸ್ಸು ಸಿಗದಿದ್ದರೆ ಪೆರೇಸಂದ್ರದಲ್ಲಿ ಮಾವನ ಪಂಕ್ಚರ್ ಅಂಗಡಿಯೇ ಗತಿಯೆಂದು ಅಂಬರೀಶನಿಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು, ಅವನಿಗಾಗಿ ಒಂದು ಸ್ಟೂಲನ್ನೂ ತೆಗೆದಿಟ್ಟಿದ್ದರು.

ಬೆಳಿಗ್ಗೆಯೇ ಆವಲಪ್ಪನ ಮುಂದೆ ಹೋಗಿ ನಿಂತ.

“ಆವಲಪ್ಪಣ್ಣ, ಹನ್ನೊಂದರಿಂದ ಒಂದರವರೆಗೆ ಒಲೆ ಆರಿಸ್ಬಿಡಿ.”

“ಏಮಪ್ಪಾ, ತಲೆ ಸರಿಗೈತಾ? ಗೂಡೊಳಗಿಂದ ಚಿಟ್ಟೆ ಎದ್ದು ಹಾರೋದ್ರೆ ನೀನ್ ಹಿಡ್ಕೊಂಡ್ ಬರ್ತೀಯಾ?”

“ಎರಡೇ ಗಂಟೆ ಅಣ್ಣ. ಜೀವನದ ಪ್ರಶ್ನೆ.”

ಆವಲಪ್ಪ ಗಲ್ಲ ಕೆರೆದುಕೊಂಡ. “ಸರಿ. ನಮ್ಮ ಮೂವತ್ತು ಜನ ಹೆಂಗಸ್ರಿಗೂ ಇಡ್ಲಿ ಕೊಡ್ಸು.”

ಹನ್ನೊಂದಕ್ಕೆ ಒಲೆ ಆರಿತು. ಗಾಳಿ ತಿಳಿಯಾಯಿತು. ಹನ್ನೊಂದೂ ಐದಕ್ಕೆ ಮೂವತ್ತು ಹೆಂಗಸರು ಹೋಟೆಲಿನೊಳಗೆ ಬಂದರು; ಅವರ ಸೆರಗು, ಕೈ, ತಲೆಗೂದಲಿನೊಡನೆ ಗೋಡೆಯಾಚೆಯ ಕಾರ್ಖಾನೆಯೂ ನಡೆದು ಬಂತು.

“ಪಾರ್ಸಲ್ ಕಳಿಸ್ತಿದ್ನಲ್ಲ ಮುನಿಲಕ್ಷ್ಮಕ್ಕ!” ಎಂದು ಅಂಬರೀಶ ಅಂಗಲಾಚಿದ.

ಮುಂದಿದ್ದ ಮುನಿಲಕ್ಷ್ಮಿ ಕುರ್ಚಿ ಎಳೆದಳು. “ದಿನಾ ನಿಂತ್ಕಂಡೇ ನೂಲು ತೆಗೀತೀವಿ. ಇವತ್ತು ಕೂತ್ಕಂಡು ತಿಂತೀವಿ. ಯಾಕಣ್ಣ, ನಮ್ಮ ಭಾರಕ್ಕೆ ನಿನ್ನ ಕುರ್ಚಿ ತಡೆಯಲ್ವಾ? ಎಲ್ಲಿ, ಚಟ್ನಿ ಗಟ್ಟಿದು ತತ್ತಾ.”

ಅಂಬರೀಶ ಗಡಿಯಾರ ನೋಡಿದ. ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದ. ಸಾಲದೆನ್ನಿಸಿ ಇನ್ನೊಂದು ಹಿಡಿ. ಹೊಗೆ ಬಾಗಿಲು ದಾಟಿ ಬೀದಿಗಿಳಿಯಿತು. ಹಿಂದೆಯೇ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ತೆಂಗಿನಕಾಯಿ ಹಿಡಿದು ಬಂದರು.

“ಪೂಜೆ ಮಡಗ್ಕಂಡು ಒಂದ್ ಮಾತು ಹೇಳ್ಬಾರ್ದೇನೋ ಅಂಬರೀಶ? ಹೊಗೆ ನೋಡಿ ಗೊತ್ತಾಗ್ಬೇಕಾ?”

“ಪೂಜೆ ಅಲ್ಲಕ್ಕ...”

“ದೇವರ ಕಾರ್ಯದಲ್ಲಿ ನಾಚ್ಕೆ ಯಾಕಪ್ಪ? ಬರ್ರೇ, ಎಲ್ರೂ ಬರ್ರೇ!”

ಅವರೂ ಸೇರಿ ಬೀದಿಯ ಹನ್ನೆರಡು ಜನ ಒಳಗೆ ನುಗ್ಗಿ, ಉಳಿದಿದ್ದ ಹತ್ತು ಕುರ್ಚಿಗಳಲ್ಲಿ ಕೂತು, ಪ್ರಸಾದ ಎಲ್ಲಿ ಎಂದು ಕೇಳಿದರು. ಯಾತ್ರಿಕರಿಗೆಂದು ಮಾಡಿಟ್ಟಿದ್ದ ಕೇಸರಿಬಾತು ಪ್ರಸಾದವಾಯಿತು. ಕುರ್ಚಿ ಸಿಗದ ಇಬ್ಬರು ಕೈತೊಳೆಯುವ ತೊಟ್ಟಿಗೆ ಒರಗಿ ನಿಂತು, ತುಪ್ಪ ಕಡಿಮೆಯಾಯಿತೆಂದು ತೀರ್ಪು ಕೊಟ್ಟರು.

ಕೊನೆಯ ಅಸ್ತ್ರವೆಂದು ಅಂಬರೀಶ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಟೇಬಲ್ ಫ್ಯಾನನ್ನು ಅದರ ಹಿಂದಿಟ್ಟ. ಕರಿಬೇವಿನ ಘಮ ಹರಡಬೇಕಿತ್ತು. ಗಡಿಬಿಡಿಯಲ್ಲಿ ಒಣಮೆಣಸಿನಕಾಯಿ ಸೀದಿತು. ನಲವತ್ತೆರಡು ಜನ ಭಜನಾ ಮಂಡಳಿಯಂತೆ ಒಂದೇ ತಾಳದಲ್ಲಿ ಕೆಮ್ಮತೊಡಗಿದರು. ಒಬ್ಬರೂ ಏಳಲಿಲ್ಲ.

ಆ ಹೊತ್ತಿಗೆ ಕೋನಪ್ಪ ಬಾಗಿಲಲ್ಲಿ ನಿಂತಿದ್ದ. ಒಳಗೆಲ್ಲ ಕಣ್ಣಾಡಿಸಿ, ತಲೆಯಾಡಿಸಿ, ಹಿಂತಿರುಗಿ ರಸ್ತೆ ದಾಟಿದ. ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅಂಬರೀಶನಿಗೆ ಅದು ಕಂಡದ್ದು ತಡವಾಗಿ. ಅವನು ಓಡಿ ಹಿಡಿಯುವಷ್ಟರಲ್ಲಿ ಕೋನಪ್ಪ ವೆಂಕಟರಾಮಪ್ಪನ ಕೈಕುಲುಕಿ ಹೊರಬರುತ್ತಿದ್ದ.

“ಸಾರ್, ಒಳಗೇ ಬರ್ಲಿಲ್ಲ ನೀವು!”

“ಎಲ್ಲಿಗಪ್ಪ ಬರ್ಲಿ? ವ್ಯಾಪಾರ ಅಂದ್ರೆ ನಿಂದು! ಕಾಲಿಡೋಕೆ ಜಾಗ ಇಲ್ಲ. ನಮ್ಮ ನಲವತ್ತು ಜನ ಇಳಿದ್ರೆ ಸಾಂಬಾರ್ ಹಂಡೆ ಮೇಲೆ ಕೂರಿಸ್ತೀಯಾ? ಇಲ್ಲಿ ನೋಡು, ಒಂದು ನೊಣಾನೂ ಇಲ್ಲ, ಎಷ್ಟು ನೀಟಾಗಿಟ್ಟವ್ರೆ. ಇವರಿಗೇ ಗೊತ್ತು ಮಾಡ್ದೆ.”

“ಅಯ್ಯೋ ಸಾರ್, ಅವರ್ಯಾರೂ ದಿನಾ ಬರೋರಲ್ಲ! ನಿಮಗೆ ವಾಸನೆ ಬರಬಾರ್ದು ಅಂತ...”

“ಯಾವ ವಾಸನೆ?” ಕೋನಪ್ಪ ಜೇಬಿನಿಂದ ನಸ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದ. “ಇದನ್ನ ಹಾಕಿ ಹಾಕಿ ಇಪ್ಪತ್ತು ವರ್ಷದಿಂದ ನಂಗೆ ಮಲ್ಲಿಗೇನೂ ಒಂದೇ, ಗೊಬ್ಬರಾನೂ ಒಂದೇ ಕಣಪ್ಪ.”

ಒಂದು ಗಂಟೆಗೆ ಒಲೆ ಮತ್ತೆ ಹೊತ್ತಿತು. ಪರಿಚಿತ ಗಾಳಿ ಬೀದಿಗೆ ಮರಳಿತು. ಕಟ್ಟೆಯ ಮೇಲೆ ಕೂತಿದ್ದ ಅಂಬರೀಶನ ಹತ್ತಿರ, ಕೆಲಸಕ್ಕೆ ಹೊರಟಿದ್ದ ಮುನಿಲಕ್ಷ್ಮಿ ಒಂದು ಕ್ಷಣ ನಿಂತಳು.

“ಅಂಬರೀಶಣ್ಣ, ಆ ಸಾಹೇಬ್ರು ಮತ್ತೆ ಯಾವತ್ತು ಬರ್ತಾರೆ? ಹಿಂದಿನ ದಿನಾನೇ ಹೇಳ್ಬಿಡಣ್ಣ, ಮನೇಲಿ ತಿಂಡಿ ತಿನ್ನದಂಗೆ ಬರ್ತೀವಿ.”