ಹಾಜರಿ ಹಾಕಿ ಕುಡಿಯುವ ಕಾಫಿ

ಒಂದು ಲೋಟ ಕಾಫಿ ಕುಡಿಯಲು ಹಾಜರಿ ಹಾಕಬೇಕಾದ ಮನೆ ಈ ಭೂಮಿಯ ಮೇಲೆ ಒಂದೇ ಇದ್ದೀತು. ಆ ಮನೆಯ ಯಜಮಾನಿ ನಾನು. ಹಾಜರಿ ತೆಗೆದುಕೊಳ್ಳುವವನು ನನ್ನ ಮೈದುನ. ಅವನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ನಾನು ಮದುವೆಯಾಗಿ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕೆಲಸಗಾರರ ಈ ಲೈನ್ ಮನೆಗೆ ಬಂದಾಗ ನನ್ನ ಗಂಡನ ಈ ತಮ್ಮ ಚಡ್ಡಿ ಹಾಕಿಕೊಂಡು ಮೂಗು ಸುರಿಸುತ್ತಿದ್ದ. ಮೂಗು ನಿಂತಿತು, ಮಿಕ್ಕಿದ್ದೇನೂ ಬದಲಾಗಲಿಲ್ಲ. ದೊಡ್ಡವನಾದ ಮೇಲೆ ಗಣಿಯೊಳಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಮನೆಯಲ್ಲಿ ವಾಲ್ವು ತೆರೆಯುವ, ಮುಚ್ಚುವ ಕೆಲಸಕ್ಕೆ ಸೇರಿದ. ಗಣಿ ನಿಂತು ಎಷ್ಟೋ ಕಾಲವಾಯಿತು, ಅವನ ಕೈ ಮಾತ್ರ ನಿಂತಿಲ್ಲ. ಲೈನಿನಲ್ಲಿ ಯಾರ ಮನೆಯ ಕುಕ್ಕರ್ ಕೂಗದಿದ್ದರೂ ಇವನೇ ಹೋಗಬೇಕು. ಕೂಗಿದರೂ ಹೋಗುತ್ತಾನೆ, ಯಾಕೆ ಕೂಗಿತು ಎಂದು ನೋಡಲು! ಮದುವೆಯಾಗಲಿಲ್ಲ. ಯಾರೂ ಹೆಣ್ಣು ಕೊಡಲಿಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಾನೆ. ಕೊಡಲು ಬಂದವರು ಹುಡುಗ ಹೇಗೆ ಎಂದು ನನ್ನನ್ನು ಕೇಳಿದರು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟೇ ಆದದ್ದು.

ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದವನು ಸಂಜೆ ಮಾರಿಕುಪ್ಪಂನಲ್ಲಿ ರೈಲು ಇಳಿದದ್ದು ಕೂಸನ್ನು ಎತ್ತಿಕೊಂಡವನ ಹಾಗೆ. ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ ಎದೆಗೆ ಅವುಚಿಕೊಂಡಿದ್ದ. ಬಂಗಾರಪೇಟೆಯಲ್ಲಿ ಹತ್ತಿದ ಹೆಂಗಸೊಬ್ಬಳು, ಮಗು ಎಷ್ಟು ತಿಂಗಳದ್ದು ಎಂದು ಕೇಳಿದಳಂತೆ. ಇವನು ಹದಿನೆಂಟು ಕೆಜಿ ಎಂದನಂತೆ. ಅವಳು ಎದ್ದು ಬೇರೆ ಸೀಟಿಗೆ ಹೋದಳಂತೆ. ನಾನಾಗಿದ್ದರೆ ರೈಲೇ ಇಳಿಯುತ್ತಿದ್ದೆ.

ಬಿಚ್ಚಿದರೆ ಕಾಫಿ ಮಿಷನ್ನು! ಸ್ಟೀಲಿನ ಪೆಟ್ಟಿಗೆ, ಮುಂದುಗಡೆ ಮೂಗಿನ ಹಾಗೆ ಒಂದು ದಪ್ಪ ಲೋಹದ ಮುದ್ದೆ. ಮನೆ ಖಾಲಿ ಮಾಡುವವರು ಯಾರೋ, ಕೆಟ್ಟಿದೆ, ಎತ್ತಿಕೊಂಡು ಹೋಗು ಎಂದು ಕೊಟ್ಟರಂತೆ. ಇದಕ್ಕೆ ಎಸ್ಪ್ರೆಸೊ ಮಿಷನ್ನು ಅಂತ ಹೆಸರು, ಕುಕ್ಕರಿಗಿಂತ ಎಷ್ಟೋ ಪಾಲು ಜಾಸ್ತಿ ಒತ್ತಡದಲ್ಲಿ ನೀರನ್ನು ಪುಡಿಯೊಳಕ್ಕೆ ನುಗ್ಗಿಸುತ್ತದೆ ಎಂದು ವಿವರಿಸಿದ. ಕುಕ್ಕರಿಗೇ ಹೆದರುವ ಹೆಂಗಸಿಗೆ ಹೇಳುವ ಮಾತೇ ಇದು?

ಒಂದು ತಿಂಗಳು ಅದರ ಹೊಟ್ಟೆ ಬಗೆದು, ಹೊಲಿದು, ಕೊನೆಗೂ ಒಂದು ಬೆಳಿಗ್ಗೆ ಕಾಫಿ ಇಳಿಸಿದ. ಹಾಲು ಬೆರೆಸಿ ನನ್ನ ಕೈಗೆ ಲೋಟ ಕೊಟ್ಟು, ಪರೀಕ್ಷೆ ಬರೆದ ಹುಡುಗನ ಹಾಗೆ ಎದುರಿಗೆ ನಿಂತ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಒಂದು ಲೋಟ ಕಾಫಿಯನ್ನು ಪೂರ್ತಿ ಕುಡಿದವಳಲ್ಲ. ಅತ್ತುಕೊಂಡು ಬಿಟ್ಟೆ ಅಂದುಕೊಳ್ಳಬೇಡಿ. ನಾನು ಮಾಡಿದ್ದು ನನಗೇ ಸೇರುವುದಿಲ್ಲ, ಅಷ್ಟೇ. ಅರ್ಧ ಕುಡಿಯುತ್ತೇನೆ, ಇನ್ನರ್ಧ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ. ಆ ಗಿಡ ನಿದ್ದೆ ಮಾಡಿ ಆರು ವರ್ಷವಾಗಿರಬೇಕು. ಮಿಷನ್ನಿನ ಕಾಫಿಯನ್ನೂ ಎರಡು ಗುಟುಕು ಕುಡಿದೆ. ಸುಟ್ಟ ಸೌದೆ ನೆಕ್ಕಿದ ಹಾಗಿತ್ತು. ಎದ್ದು ಗಿಡಕ್ಕೆ ಸುರಿದೆ.

"ಎಂಗದೆ ಅತ್ಗೆಮ್ಮ?" ಎಂದು ಕೇಳಿದ. ಗಿಡಕ್ಕೆ ಹೋದದ್ದನ್ನು ಕಣ್ಣಾರೆ ನೋಡಿಯೂ ಕೇಳುವ ಮನುಷ್ಯ!

"ನಿಮ್ಮಣ್ಣ ಎಣಿಸಿ ಎಣಿಸಿ ಚಮಚದಾಗೆ ನೀರು ಬಿಡ್ತಿದ್ದ," ಎಂದೆ. "ಇದು ಮಕಕ್ಕೆ ಉಗಿದಂಗೆ ಉಗೀತದೆ."

ಅವನು ಲೋಟ ಎತ್ತಿಕೊಂಡು ಹೋಗಿ ತೊಳೆದಿಟ್ಟ. ನಾನು ಹೇಳಿದ್ದನ್ನು ಮರೆತೆ. ಬಾಯಿಗೆ ಬಂದದ್ದನ್ನೆಲ್ಲ ನೆನಪಿಟ್ಟುಕೊಂಡರೆ ನನ್ನಂಥವಳಿಗೆ ತಲೆ ಸಾಲುತ್ತದೆಯೇ?

ಒಂದು ವರ್ಷ ಹೀಗೇ ನಡೆಯಿತು. ದಿನಾ ಪುಡಿ ಬದಲಾಯಿಸುತ್ತಿದ್ದ, ದಿನಾ ಗಿಡ ಕುಡಿಯುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಕಾಫಿಪುಡಿ ಅಂಗಡಿಯವನು ಇವನ ತಲೆ ಕಂಡರೆ ಬಾಗಿಲು ಎಳೆದುಕೊಳ್ಳುವಷ್ಟಾಯಿತು. ಮಿಷನ್ನಿನಿಂದಾಗಿ ಅಡುಗೆಕಟ್ಟೆಯಲ್ಲಿ ನನಗೆ ರಾಗಿಮುದ್ದೆ ತೊಳಸಲೂ ಜಾಗವಿಲ್ಲ. ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದೇ ಮಾತು ಹೇಳಿದೆ. ಬರುವ ಸಂಕ್ರಾಂತಿಯ ಹೊತ್ತಿಗೆ ನಾನು ಲೋಟ ಖಾಲಿ ಮಾಡುವಂಥ ಕಾಫಿ ಬಂದರೆ ಮಿಷನ್ನು ಇರಲಿ, ಬರದಿದ್ದರೆ ಗುಜರಿಗೆ. ಅವನು ಮಿಷನ್ನಿನ ನೆತ್ತಿಯನ್ನು ಒಮ್ಮೆ ಸವರಿದ. ಆಮೇಲೆ ಆಯಿತು ಎಂದು ತಲೆಯಾಡಿಸಿದ. ಇನ್ನು ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಎಂಥ ಪೆದ್ದಿ ನಾನು!

ಹತ್ತು ದಿನಕ್ಕೆ ಒಂದು ಸಣ್ಣ ಪೆಟ್ಟಿಗೆ ಬಂತು. ಒಳಗೆ ಹೆಬ್ಬೆರಳು ಗಾತ್ರದ ವಾಲ್ವು, ಅದಕ್ಕೊಂದು ಮರದ ಹಿಡಿ. ಫ್ಲೋ ಕಂಟ್ರೋಲ್ ಅಂತೆ. ಮಿಷನ್ನಿನ ಮೂಗಿನ ಮೇಲಿರುವ ದಪ್ಪ ಬಿರಡೆಯನ್ನು ಬಿಚ್ಚಿ ಅಲ್ಲಿಗೆ ಇದನ್ನು ಕೂರಿಸಿದರೆ, ನೀರು ಎಷ್ಟು ಬರಬೇಕೆಂದು ಕೈಯಲ್ಲೇ ಹಿಡಿದು ಬಿಡಬಹುದಂತೆ. ಒಂದು ಬಿರಡೆ ತೆಗೆದು ಇನ್ನೊಂದು ಹಾಕುವ ಕೆಲಸ. ನಾನಾಗಿದ್ದರೆ ಅನ್ನಕ್ಕೆ ಎಸರಿಟ್ಟು, ಅದು ಕುದಿಯುವುದರೊಳಗೆ ಮುಗಿಸುತ್ತಿದ್ದೆ. ಇವನಿಗೆ ಒಂದೂವರೆ ತಿಂಗಳು ಬೇಕಾಯಿತು.

ಮೊದಲನೆಯದು, ಬಿಲ್ಲೆ. ಗಣಿಗೆ ಇಳಿಯುವವರು ತಮ್ಮ ನಂಬರಿನ ಬಿಲ್ಲೆಯನ್ನು ಮೇಲೆ ಬಿಟ್ಟು ಇಳಿಯುತ್ತಿದ್ದರು, ಹತ್ತಿ ಬಂದ ಮೇಲೆ ಎತ್ತಿಕೊಳ್ಳುತ್ತಿದ್ದರು. ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಒಂದು ಬಿಲ್ಲೆ ಉಳಿದಿದ್ದರೆ ಒಬ್ಬ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ. ಇವನು ಎಣ್ಣೆ ಡಬ್ಬದ ತಗಡು ಕತ್ತರಿಸಿ, ಮೊಳೆಯಿಂದ ನಂಬರು ಕೊರೆದು, ಅಡುಗೆಮನೆಯ ಬಾಗಿಲಿಗೆ ಸಾಲಾಗಿ ಮೊಳೆ ಹೊಡೆದ. ಒತ್ತಡದ ಮಿಷನ್ನು ಇರುವ ಕಡೆ ಯಾರು ಒಳಗೆ, ಯಾರು ಹೊರಗೆ ಎಂದು ಗೊತ್ತಿರಬೇಕಂತೆ. ನನಗೆ ಒಂದನೇ ನಂಬರು, ಅವನಿಗೆ ಎರಡು, ದಿನಾ ಮೊಸರಿನ ಹೆಪ್ಪಿಗೆ ಬರುವ ಪಕ್ಕದ ಮನೆಯ ತಮಿಳಮ್ಮನಿಗೆ ಮೂರು. ಉಪ್ಪಿನ ಡಬ್ಬ ತರಲು ಹೋಗಬೇಕಾದರೂ ಬಿಲ್ಲೆ ತೂಗುಹಾಕಬೇಕು, ಬರುವಾಗ ಎತ್ತಿಕೊಳ್ಳಬೇಕು. ಮರೆತರೆ ಅಂಗಳದಿಂದಲೇ ಒಂದನೇ ನಂಬರು ಇನ್ನೂ ಒಳಗದೆ ಎಂದು ಕೂಗುತ್ತಿದ್ದ. ನಾನು ಅವನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರೂ! ಬೆಕ್ಕಿಗೂ ಒಂದು ಬಿಲ್ಲೆ ಮಾಡಿದ. ಅದು ಮಾತ್ರ ಕಾಯಿದೆಗೆ ಒಪ್ಪಲಿಲ್ಲ. ಈ ಮನೆಯಲ್ಲಿ ಮಾನ ಇರುವುದು ಅದೊಂದಕ್ಕೇ.

ಆಮೇಲೆ ಬಿಚ್ಚುವ ದಿನ. ಹಿಂದಿನ ದಿನವೇ ಪ್ಲಗ್ಗು ಕಿತ್ತು, ಯಾರೂ ಮರೆತು ಸಿಕ್ಕಿಸಬಾರದೆಂದು ಅದರ ಮೂರು ಕಾಲಿಗೂ ಬಟ್ಟೆ ಸುತ್ತಿ, ಮೂಳೆ ಮುರಿದವನಿಗೆ ಕಟ್ಟುವ ಹಾಗೆ ಕಟ್ಟಿದ. ಆವಿಯ ನಲ್ಲಿ ತೆರೆದು ಒಳಗಿನ ಉಸಿರನ್ನೆಲ್ಲ ಬಿಟ್ಟ. ಬಿಸಿಯಾಗಿರುವಾಗ, ಒತ್ತಡ ಇರುವಾಗ ಬಿರಡೆಗೆ ಕೈ ಹಾಕಿದರೆ ಅದು ಮುಖಕ್ಕೇ ಹಾರುತ್ತದಂತೆ. ಇದು ನ್ಯಾಯವಾದ ಮಾತು, ಒಪ್ಪಿದೆ. ಆದರೆ ನನ್ನನ್ನು ಗ್ಯಾಸ್ ಒಲೆ ಸಮೇತ ಜಗಲಿಗೆ ಹಾಕಿದ್ದನ್ನು ಹೇಗೆ ಒಪ್ಪಲಿ? ಬಾಗಿಲಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೋರ್ಡು ಬರೆದು ಹಾಕಿದ: ಒಳಗೆ ಆಳು ಇದ್ದಾನೆ, ಯಾವುದನ್ನೂ ಮುಟ್ಟಬೇಡಿ. ಹೆಪ್ಪಿಗೆ ಬಂದ ತಮಿಳಮ್ಮ ಅದನ್ನು ಓದಿ, ತಲೆ ಮೇಲೆ ಸೆರಗು ಹೊದ್ದುಕೊಂಡು, ಸಾವಿನ ಮನೆಗೆ ಬಂದವಳ ಹಾಗೆ ದನಿ ತಗ್ಗಿಸಿ ನನ್ನನ್ನು ಕೇಳಿದಳು:

"ಅಕ್ಕಾ, ಯಾವಾಗ ಎತ್ತುತ್ತಾರೆ?"

ಬಿರಡೆ ಬಿಚ್ಚಿದ್ದಾಯಿತು. ಹೊಸದನ್ನು ಕೂರಿಸಲು ಗ್ರೀಸು ಬೇಕು. ಸೈಕಲ್ ಅಂಗಡಿಯ ಗ್ರೀಸು ಆಗದು, ಹೊಟ್ಟೆಗೆ ಹೋದರೂ ಕೆಡುಕಾಗದಂಥದ್ದೇ ಬೇಕು. ತುಪ್ಪ ಹಚ್ಚು ಎಂದೆ. ರಬ್ಬರು ಕೊಳೆಯುತ್ತದೆ ಎಂದ. ಹರಳೆಣ್ಣೆ ಎಂದೆ. ಮುಖ ತಿರುಗಿಸಿದ. ಎಲ್ಲಿಗೋ ಬರೆದು ತರಿಸಿದ ಆ ಗ್ರೀಸು ಬರಲು ಮೂರು ವಾರ. ಬಂದದ್ದು ಕಾಡಿಗೆ ಡಬ್ಬಿಯಷ್ಟು! ಅಷ್ಟು ದಿನವೂ ನಾನು ಜಗಲಿಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಇವತ್ತು ಏನು ಸಾರು ಎಂದು ಉತ್ತರ ಹೇಳಿಕೊಂಡು ಅಡುಗೆ ಮಾಡಿದೆ.

ವಾಲ್ವು ಕೂರಿಸಿದ ಮೇಲೆ ಸಂದಿನಲ್ಲಿ ನೀರು ಜಿನುಗುತ್ತದೆಯೋ ಎಂದು ನೋಡಬೇಕಂತೆ. ಅವನ ಕಣ್ಣಿಗೆ ಪೊರೆ, ಹನಿ ಕಾಣುವುದಿಲ್ಲ. ಅದಕ್ಕೇನು ಮಾಡಿದ ಗೊತ್ತೇ? ನನ್ನ ಡಬ್ಬದಿಂದ ಒಂದು ಹಪ್ಪಳ ಕದ್ದು, ಮುರಿದು, ಆ ಸಂದಿಗೆ ಆನಿಸಿ ಕಟ್ಟಿದ. ನೀರು ಜಿನುಗಿದರೆ ಹಪ್ಪಳ ಮೆತ್ತಗಾಗಬೇಕಲ್ಲ! ಸಣ್ಣಗೆ ನೀರು ಬಿಟ್ಟು ಗಂಟೆ ಹೊತ್ತು ಕಾದ. ಹಪ್ಪಳ ಗರಿಗರಿಯಾಗಿಯೇ ಇತ್ತು. ಜೀವನದಲ್ಲಿ ಮೊದಲ ಸಲ ಇವನ ಬುದ್ಧಿಗೆ ನಾನು ಮೆಚ್ಚಿದೆ. ಮೆಚ್ಚಿ ಮುಗಿಯುವುದರೊಳಗೆ ಆ ಚೂರುಗಳನ್ನು ತಂದು, ಕರಿದು ಕೊಡು ಎಂದ.

ಭೋಗಿ ಹಬ್ಬದ ದಿನ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು ಪೂರ್ತಿ ಒತ್ತಡದಲ್ಲಿ ಚಾಲು ಮಾಡಿದ. ಮರುದಿನ ಸಂಕ್ರಾಂತಿ. ಗಡುವು ಅಂದರೆ ಗಡುವು. ಮಿಷನ್ನು ಗುರ್ ಎಂದಿತು. ಒಂದು ಹನಿ ಬೀಳಲಿಲ್ಲ. ಗುರ್ ಎನ್ನುವುದು ಜಾಸ್ತಿಯಾಯಿತು, ಎಲ್ಲಿಂದಲೋ ಬುಸ್ಸೆಂದು ನೀರು ತಟ್ಟೆಗೆ ಚಿಮ್ಮಿತು. ಅವನು ನನ್ನ ತೋಳು ಹಿಡಿದು ಹೊರಗೆ ಎಳೆದ, ಬಿಲ್ಲೆ ಎರಡನ್ನೂ ಕಿತ್ತುಕೊಂಡ, ಜಗಲಿಯ ಮೀಟರಿನಿಂದ ಫ್ಯೂಸು ಕಿತ್ತ. ಸಿಲಿಂಡರ್ ಹೋಯಿತು ಎಂದುಕೊಂಡು ಲೈನಿನ ಜನವೆಲ್ಲ ಬೀದಿಗೆ ಬಂದರು. ಪಕ್ಕದ ತಮಿಳಮ್ಮ ಪೊಂಗಲ್ ಮಡಕೆಯನ್ನು ಮಗುವಿನಂತೆ ತಬ್ಬಿಕೊಂಡು ನಿಂತಿದ್ದಳು.

ತಣಿಯುವ ತನಕ ಎಲ್ಲರನ್ನೂ ಹೊರಗೇ ಕೂರಿಸಿ, ಆಮೇಲೆ ಒಬ್ಬನೇ ಹೋಗಿ ನೋಡಿ ಬಂದ. ಮುಖ ಇಷ್ಟಾಗಿತ್ತು. ವಾಲ್ವು ಮುಚ್ಚಿತ್ತಂತೆ. ಯಾರು ಮುಚ್ಚಿದ್ದು? ಹಪ್ಪಳದ ಪರೀಕ್ಷೆ ಮುಗಿಸಿ ಇವನೇ ಮುಚ್ಚಿದ್ದ!

"ಕೆಲ್ಸ ಮುಗಿದ್ಮೇಲೆ ವಾಲ್ವು ಮುಚ್ಚೇ ಬರ್ಬೇಕು," ಎಂದ. "ಅದು ರೂಲ್ಸು. ಮೂವತ್ತು ವರ್ಷ ಅಂಗೇ ಮಾಡಿವ್ನಿ."

ತಮಿಳಮ್ಮ ಮಡಕೆಯ ಮೇಲಿಂದ ಕತ್ತೆತ್ತಿ, "ಅಪ್ಪಡಿಯಾ ಅಣ್ಣಾ? ಅಂಗಾದ್ರೆ ಮೈನ್ಸು ಮುಚ್ಚಿದ್ದೂ ನೀನೇನಾ?" ಎಂದಳು.

ಲೈನೇ ನಕ್ಕಿತು. ಅವನೊಬ್ಬ ನಗಲಿಲ್ಲ. ಸಂಜೆ ನೋಡುತ್ತೇನೆ, ಮಿಷನ್ನನ್ನು ಅದೇ ಬೆಡ್‌ಶೀಟಿನ ಪಕ್ಕದಲ್ಲಿಟ್ಟು ಒರೆಸುತ್ತಿದ್ದ. ಗುಜರಿಗೆ ಕೊಡುವುದಾದರೂ ಕ್ಲೀನಾಗಿ ಕೊಡಬೇಕಂತೆ. ನನಗೆ ಸಿಟ್ಟು ಬಂತು. ಗಡುವು ನಾಳೆ ಕಣ್ಲಾ, ಇವತ್ತಲ್ಲ ಎಂದು ಬೈದೆ.

ಸಂಕ್ರಾಂತಿಯ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಪೊಂಗಲ್ ಉಕ್ಕಲಿ ಎಂದು ಪೂಜೆ, ನಮ್ಮ ಮನೆಯಲ್ಲಿ ಏನೂ ಉಕ್ಕದಿರಲಿ ಎಂದು ಕಾವಲು. ನಾನು ಬಿಲ್ಲೆ ತೂಗುಹಾಕಿ ಒಳಗೆ ಹೋಗಿ ಮಣೆಯ ಮೇಲೆ ಕೂತೆ. ಅವನು ಮರದ ಹಿಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದ. ಈ ಸಲ ಗುರ್ ಎನ್ನಲಿಲ್ಲ. ನೀರು ಪುಡಿಗೆ ಹೋಗುತ್ತಿದೆಯೋ ಇಲ್ಲವೋ ಎನ್ನುವ ಹಾಗಿತ್ತು. ಅವನ ತುಟಿ ಆಡುತ್ತಿತ್ತು. ಕಿವಿಗೊಟ್ಟೆ. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ಹನ್ನೊಂದಕ್ಕೆ ನಿಲ್ಲಿಸಿದ. ಹಿಡಿಯನ್ನು ಮುಚ್ಚಿ, ಪುಡಿ ನೆನೆಯಲೆಂದು ಕಾದ.

ಆ ಹನ್ನೊಂದು ನನಗೆ ಗೊತ್ತು. ಮೊದಲ ಪಾಳಿಗೆ ಹೊರಡುವ ಮುಂಚೆ ನನ್ನ ಗಂಡ ಫಿಲ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಿಸಿನೀರನ್ನು ಹನ್ನೊಂದು ಚಮಚ ಎಣಿಸಿ ಬಿಡುತ್ತಿದ್ದ. ಪುಡಿ ನೆನೆಯಲಿ ಎಂದು ಬೀಡಿ ಹಚ್ಚಿ ಕಾಯುತ್ತಿದ್ದ. ಆಮೇಲೆ ಮಿಕ್ಕ ನೀರು. ಆ ಎಣಿಕೆ ಕೇಳಿಯೇ ನಾನು ಏಳುತ್ತಿದ್ದದ್ದು.

ಅವನು ಮತ್ತೆ ಹಿಡಿ ತೆರೆದ, ಡಿಕಾಕ್ಷನ್ನು ಇಲಿಯ ಬಾಲದ ಹಾಗೆ ಸಣ್ಣಗೆ ಇಳಿಯಿತು. ಹಾಲು ಬೆರೆಸಿ ಕೊಟ್ಟ. ಈ ಸಲ ಎದುರಿಗೆ ನಿಲ್ಲಲಿಲ್ಲ. ಆ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತಿದ್ದ.

ಕುಡಿದೆ. ಲೋಟ ಬಗ್ಗಿಸಿದರೆ ಹನಿ ಬೀಳಲಿಲ್ಲ.

"ಅಣ್ಣ ಎಣಿಸೋದು ನಂಗೂ ಕೇಳಿಸ್ತಿತ್ತು," ಎಂದ, ತಿರುಗದೆಯೇ. "ನಡುಮನೇಲಿ ಮಲಗ್ತಿದ್ನಲ್ಲ."

ಸಕ್ಕರೆ ಜಾಸ್ತಿಯಾಯಿತು ಎಂದೆ. ಜಾಸ್ತಿಯೇ ಆಗಿತ್ತು.

ಅವನು ಖಾಲಿ ಲೋಟ ನೋಡಿದ. ಹಿತ್ತಲ ಬಾಗಿಲು ನೋಡಿದ. ಮೂಗು ಒರೆಸಿಕೊಂಡ, ಅದು ಮತ್ತೆ ಶುರುವಾಗಿತ್ತು. ಆಮೇಲೆ ಕಂಪ್ರೆಸರ್ ಮನೆಯ ಗತ್ತಿನಲ್ಲಿ, "ಆಯ್ತಲ್ಲ, ಬಿಲ್ಲೆ ಎತ್ಕಂಡು ಒರಗೆ ನಡಿಯಮ್ಮ ಅತ್ಗೆಮ್ಮ," ಎಂದ.

ಬಾಗಿಲ ಮೊಳೆಯಲ್ಲಿ ಒಂದನೇ ನಂಬರು ತೂಗುತ್ತಿತ್ತು.

"ನಾನಿನ್ನೂ ಒಳಗೇ ಇವ್ನಿ ಕಣ್ಲಾ," ಎಂದೆ. "ಇನ್ನೊಂದು ಲೋಟ ಆಕು."