ಬತ್ತೀವಿ ಸಾರ್

ಉದಯಕುಮಾರನ ಹುದ್ದೆಗೆ ಎಚ್.ಆರ್. ಎಂದು ಹೆಸರು. ಅರಸೀಕೆರೆಯಿಂದ ಹಾರನಹಳ್ಳಿಗೆ ಹೋಗುವ ದಾರಿಯ ತೆಂಗಿನಪುಡಿ ಕಾರ್ಖಾನೆಯಲ್ಲಿ ಅದರ ಅರ್ಥವೇನೆಂದರೆ, ಸಾಹುಕಾರರ ಬೈಗುಳವನ್ನು ಸಿಹಿ ಮಾಡಿ ಕೆಲಸದ ಹೆಂಗಸರಿಗೆ ಮುಟ್ಟಿಸುವುದು, ಹೆಂಗಸರ ಶಾಪವನ್ನು ಇಂಗ್ಲಿಷ್ ಮಾಡಿ ಸಾಹುಕಾರರಿಗೆ ಮುಟ್ಟಿಸುವುದು. ಎರಡೂ ಕಡೆ ಪೆಟ್ಟು ತಿನ್ನುವ ಮದ್ದಳೆಯ ಬಾಳು.

ಆ ಶನಿವಾರ ಬೆಳಗ್ಗೆ ಸಾಹುಕಾರ ಮಹಾಂತೇಶ್ ಅವನನ್ನು ಒಳಗೆ ಕರೆದರು.

"ಸೋಮವಾರ ಲೋಡು ಹೋಗ್ಲೇಬೇಕು. ನಾಳೆ ಭಾನುವಾರಾನೂ ಮಿಷನ್ ಓಡ್ಲಿ."

"ನಾಳೆ ಮಾರ್ಲಮಿ ಅಮಾವಾಸ್ಯೆ ಸಾರ್. ಹೆಂಗಸರು ಸತ್ತ ಹಿರಿಯರಿಗೆ ಎಡೆ ಇಡ್ಬೇಕು..."

"ಇಡ್ಲಿ, ಯಾರು ಬೇಡ ಅಂದ್ರು? ಕಾರ್ಖಾನೇನೂ ನಡೀಬೇಕು, ಅವರ ಮನಸ್ಸೂ ನೋಯಬಾರ್ದು. ಬ್ಯಾಲೆನ್ಸ್ ಮಾಡೋಕೇ ಅಲ್ವೇನ್ರೀ ನಿಮಗೆ ಸಂಬಳ? ನಾಳೆ ಮಿಷನ್ ನಿಂತ್ರೆ ನಿಮ್ಮ ಕೆಲಸಾನೂ ನಿಂತ ಹಾಗೇ."

ಉದಯಕುಮಾರನ ಹೆಂಡತಿ ಹೇಮಲತಾ ಎಂಟು ತಿಂಗಳ ಬಸುರಿ.

ಲೆಕ್ಕ ಬರೆಯುವ ಮಧುಕುಮಾರ್ ಕೇಳದೆಯೇ ಬುದ್ಧಿ ಹೇಳಿದ. "ನಾವೆಲ್ಲ ಒಂದೇ ಕುಟುಂಬ ಅಂತ ಒಂದು ಭಾಷಣ ಬಿಗೀರಿ ಸಾರ್. ಕರಗಿ ಹೋಗ್ತಾರೆ."

ಉದಯಕುಮಾರ ಷೆಡ್ಡಿಗೆ ಹೋಗಿ ಬಿಗಿದ. ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದ ಬೋರಮ್ಮ ತಲೆ ಎತ್ತಲಿಲ್ಲ. ಆ ಷೆಡ್ಡಿನ ಹೆಂಗಸರಿಗೆಲ್ಲ ಅವಳ ಮಾತೇ ಮಾತು.

"ಕುಟುಂಬ ಅಂದ್ಮೇಲೆ ಸಾವ್ಕಾರ್ರ ತಾತಂಗೂ ನಾವೇ ಎಡೆ ಇಕ್ಕಬೇಕಾ ಸಾರ್?"

ಷೆಡ್ಡೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದೆಯೇ ಬಂದಿದ್ದ ಮಧುಕುಮಾರ್.

ಕ್ಯಾಂಟೀನಿನ ಕಾಂತಮ್ಮ ಇನ್ನೊಂದು ಉಪಾಯ ಕೊಟ್ಟಳು. ಅದನ್ನೂ ಹೇಳಿ ನೋಡಿದ. "ವಡೆ, ಪಾಯಸ ಇಲ್ಲೇ ಮಾಡಿಸ್ತೀವಿ ಬೋರಮ್ಮ."

"ನಮ್ ಹಿರೀಕ್ರು ಎಡೆ ಉಣ್ಣಾಕೆ ಮನೆಗೆ ಬತ್ತಾರೆ. ಇಲ್ಲಿ ಅವ್ರಿಗೆ ಗೇಟ್ ಪಾಸ್ ಯಾರು ಕೊಡ್ತಾರೆ?"

ಸಂಜೆ ಗಂಟೆ ಹೊಡೆಯಿತು. ಕೊನೆಯ ಸಲ ಬೇಡೋಣವೆಂದು ಉದಯಕುಮಾರ ಗೇಟಿನಲ್ಲಿ ಕೈ ಮುಗಿದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಹೆಂಗಸರು "ಬತ್ತೀವಿ ಸಾರ್", "ಬತ್ತೀನಿ ಸಾರ್" ಎನ್ನುತ್ತಾ ದಾಟಿಹೋದರು.

ನಮ್ಮ ಸೀಮೆಯಲ್ಲಿ ಹೊರಡುವಾಗ 'ಹೋಗ್ತೀನಿ' ಅನ್ನುವುದು ಅಪಶಕುನ. ಜಗಳವಾಡಿ ಇನ್ನು ಈ ಹೊಸ್ತಿಲು ತುಳಿಯೆನೆಂದು ಎದ್ದವನೂ 'ಬತ್ತೀನಿ' ಎಂದೇ ಚಪ್ಪಲಿ ಮೆಟ್ಟುತ್ತಾನೆ. ಸಾಹುಕಾರರಿಗೆ ಇದು ಗೊತ್ತಿಲ್ಲವೆಂದಲ್ಲ. ಗೇಟಿನ ಬಳಿ ಕಾರಿನಲ್ಲಿ ಕೂತಿದ್ದ ಅವರ ಕಿವಿ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು.

"ಭೇಷ್! ಎಲ್ರೂ ಬತ್ತೀವಿ ಅಂದ್ರಲ್ರೀ!" ಅಲ್ಲಿಂದಲೇ ಗೋಡೌನಿನವರಿಗೆ ಫೋನು ಮಾಡಿ, ಕಾಯನ್ನೆಲ್ಲ ಇವತ್ತೇ ಒಡೆದಿಡಿ ಎಂದರು. ಒಡೆದ ಕಾಯಿ ಸೋಮವಾರದವರೆಗೆ ಉಳಿಯುವುದಿಲ್ಲ.

"ಸಾರ್, ಅದು ಹಾಗಲ್ಲ..." ಎನ್ನುವಷ್ಟರಲ್ಲಿ ಕಾರು ಹೊರಟುಹೋಯಿತು.

ಉದಯಕುಮಾರ ಓಡಿಹೋಗಿ ಹೆಂಗಸರ ಟೆಂಪೋ ಹತ್ತಿದ. ಕಾಯಿ ಹಾಳಾಗುವುದು, ತನ್ನ ಕೆಲಸ ಹೋಗುವುದು, ಎಲ್ಲ ಹೇಳಿದ. ಯಾರೂ ಮಿಸುಕಲಿಲ್ಲ. ಕೊನೆಗೆ ಹೆಂಡತಿಯ ಬಸಿರನ್ನೂ ಮುಂದೆ ಮಾಡಿದ. ಅದಕ್ಕೆ ನಾಚಿಕೆಯಾಗಿ ನಿಜವಾಗಿಯೂ ಅತ್ತುಬಿಟ್ಟ.

"ಮೊದ್ಲೇ ಹೇಳೋದಲ್ವಾ ಸಾರ್?" ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬುಡಿ, ಬತ್ತೀವಿ. ಸತ್ತೋರು ಒಂದೊರ್ಸ ಉಪಾಸ ಇದ್ರೆ ಇನ್ನೊಂದು ಕಿತ ಸಾಯಾಕಿಲ್ಲ."

ಭಾನುವಾರ ಎಲ್ಲರೂ ಬಂದರು. ದಿನವೆಲ್ಲ ಷೆಡ್ಡಿನಲ್ಲಿ ಮಿಷನ್ನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಉದಯಕುಮಾರನಿಗೆ ಅವರ ಮುಖ ನೋಡಲಾಗಲಿಲ್ಲ. ಸಂಜೆ ಸಾಹುಕಾರರು ಕರೆದಾಗ ಮಾತ್ರ, ಒಂದು ಒಳ್ಳೆಯ ಮಾತಾದರೂ ಸಿಕ್ಕೀತೆಂದು ಹೋದ.

"ನಿನ್ನೆ ಗೇಟಲ್ಲಿ ನಾನೇ ಕಣ್ಣಾರೆ ನೋಡ್ದೆ ಉದಯಕುಮಾರ್. ನೀವು ಬಾಯೇ ಬಿಡ್ಲಿಲ್ಲ, ಅವರೇ ಬತ್ತೀವಿ ಅಂದ್ರು. ಹಬ್ಬದ ದಿನಾನೂ ತಾವಾಗೇ ಬರೋ ಇಂಥ ಜನಕ್ಕೆ ಎಚ್.ಆರ್. ಅಂತ ಒಬ್ರು ಯಾಕೆ ಬೇಕು ಹೇಳಿ?"

"ಸಾರ್, ಅವರು ಬಂದಿದ್ದು ನನ್ನ ಮುಖ ನೋಡಿ..."

"ಕಂಪನಿ ಮುಖ ನೋಡಿ ಅಲ್ಲ, ನಿಮ್ಮ ಮುಖ ನೋಡಿ ಬಂದ್ರಾ? ಅದಿನ್ನೂ ಡೇಂಜರ್ ಕಣ್ರೀ!" ಸಾಹುಕಾರರು ಎದ್ದು ಕಾರಿನ ಕೀ ತೆಗೆದುಕೊಂಡರು. "ಈ ತಿಂಗಳು ಮುಗಿಸಿ ಕೆಲಸ ಬಿಡಿ. ಆಮೇಲೆ, ಈ ಸಲ ದೀಪಾವಳಿಗೂ ರಜ ಇಲ್ಲ ಅಂತ ಈಗ್ಲೇ ಬೋರಮ್ಮಂಗೆ ಹೇಳ್ಬಿಡಿ. ಮನಸ್ಸು ನೋಯದ ಹಾಗೆ."

ತಿಂಗಳ ಕೊನೆಯವರೆಗಿನ ಸಂಬಳ ಇನ್ನೂ ಕೈಗೆ ಬರಬೇಕಿತ್ತು. ಉದಯಕುಮಾರ ಷೆಡ್ಡಿನ ಕಡೆ ನಡೆದ.