ಯಾರೂ ಕೇಳದ ಲಗತ್ತು

ಅರ್ಜಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಅರ್ಜಿಯಲ್ಲಿ ಬರೆಯುವುದೇನು ಮಹಾ, ಗುಟ್ಟೆಲ್ಲ ಇರುವುದು ಲಗತ್ತುಗಳಲ್ಲಿ. ಅವರು ಎರಡು ಕೇಳಿದರೆ ನಾವು ಆರು ಇಡಬೇಕು. ಮೈಸೂರಿನಲ್ಲಿ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿದಾಗ ಅಂಕಪಟ್ಟಿ, ನಡತೆ ಪ್ರಮಾಣಪತ್ರಗಳ ಜೊತೆಗೆ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಬಂದಿದ್ದ ಸಮಾಧಾನಕರ ಬಹುಮಾನದ ಪ್ರತಿಯನ್ನೂ ಪಿನ್ ಹಾಕಿ ಕೊಟ್ಟಿದ್ದೆ. ಗುಮಾಸ್ತರು ಕನ್ನಡಕ ಏರಿಸಿ, "ಇದ್ಯಾಕಪ್ಪಾ ಇದು?" ಎಂದರು. ಆದರೂ ಸೀಟು ಸಿಕ್ಕಿತು. ಅದು ಸಮಾಧಾನಕರ ಬಹುಮಾನದ ಮಹಿಮೆಯೆಂದೇ ನಾನು ಇಂದಿಗೂ ನಂಬಿದ್ದೇನೆ. ಇದೇ ನಂಬಿಕೆ ಒಂದು ದಿನ ಸಿಡ್ನಿಯಲ್ಲಿ ನನ್ನ ಕತ್ತು ಹಿಡಿಯುತ್ತದೆಂದು ಯಾರಿಗೆ ಗೊತ್ತಿತ್ತು?

ಹೆಂಡತಿ ಸುಧಾಳಿಗೆ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಕೆಲಸ ಸಿಕ್ಕಿದ್ದರಿಂದ ನಾವು ಮೆಲ್ಬರ್ನ್ ಬಿಟ್ಟು ಬಂದೆವು. ನನ್ನದು ಕಂಪ್ಯೂಟರ್ ಉದ್ಯೋಗ, ಕರೆಂಟು ಇರುವಲ್ಲೆಲ್ಲ ನಡೆಯುತ್ತದೆ. ಕ್ವೇಕರ್ಸ್ ಹಿಲ್‌ನಲ್ಲಿರುವ ಸುಧಾಳ ಚಿಕ್ಕಪ್ಪನ ಮಗ ಹರಿಯ ಮನೆಯ ಒಂದು ರೂಮಿನಲ್ಲಿ ಸೂಟ್‌ಕೇಸುಗಳ ನಡುವೆ ನಮ್ಮ ವಾಸ. ರೌಸ್ ಹಿಲ್‌ನ ಹೈಸ್ಕೂಲಿನವರು ಮಗಳು ಅನಘಾಳನ್ನು ಸೇರಿಸಿಕೊಳ್ಳಬೇಕಾದರೆ ಆ ಸಬರ್ಬಿನಲ್ಲಿ ಮನೆ ಹಿಡಿದ ಲೀಸ್, ಅಂದರೆ ಬಾಡಿಗೆ ಕರಾರು, ತೋರಿಸಿ ಎಂದಿದ್ದರು. ಟರ್ಮ್ ಶುರುವಾಗುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಒಟ್ಟಿನಲ್ಲಿ ಮನೆ ಸಿಕ್ಕರೆ ಸ್ಕೂಲು, ಇಲ್ಲವಾದರೆ ಇಲ್ಲ.

ಶನಿವಾರ ಮನೆ ನೋಡಲು ಹೋದರೆ ಗೇಟಿನಿಂದಾಚೆಗೆ ಕ್ಯೂ. ನಮ್ಮೂರಿನ ಓನರುಗಳು ಮನೆ ತೋರಿಸುವ ಮೊದಲೇ ಮಾಂಸ ತಿನ್ನುತ್ತೀರಾ, ನೆಂಟರು ಬರುತ್ತಾರಾ, ನೀರು ಎಷ್ಟು ಖರ್ಚು ಎಂದು ಜಾತಕವನ್ನೇ ಜಾಲಾಡುತ್ತಾರೆ. ಇಲ್ಲಿ ಮೆಲಿಸ್ಸಾ ಎಂಬ ಏಜೆಂಟ್ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳದೆ ನಕ್ಕಳು. ಎಂಥ ಸಭ್ಯ ದೇಶ ಎಂದು ನನಗೆ ಎದೆ ತುಂಬಿ ಬಂತು.

"ಭಾವ, ಇಲ್ಲಿ ಕಾಂಪಿಟೇಶನ್ ಜಾಸ್ತಿ. ಅಪ್ಲಿಕೇಶನ್ ಸ್ಟ್ರಾಂಗ್ ಆಗಿರ್ಬೇಕು ನೋಡಿ" ಎಂದ ಹರಿ. ಅದನ್ನು ನನಗೆ ಹೇಳಬೇಕೇ? ಮನೆಯ ಯಜಮಾನನೆಂದು ಅರ್ಜಿ ನನ್ನ ಹೆಸರಿನಲ್ಲೇ ಹಾಕಿದೆ. ಪೇ ಸ್ಲಿಪ್ ಇಟ್ಟೆ, ಹಳೆಯ ಓನರ ಪತ್ರ ಇಟ್ಟೆ, ಮಗಳ ಈಜಿನ ಸರ್ಟಿಫಿಕೇಟನ್ನೂ ಇಟ್ಟೆ. ಅಷ್ಟಕ್ಕೆ ಕೈ ಸುಮ್ಮನಿರಲಿಲ್ಲ. ಸಾಲ, ಬಿಲ್ಲುಗಳನ್ನು ನಾವು ಹೇಗೆ ತೀರಿಸಿದ್ದೇವೆಂದು ಹೇಳುವ ಕ್ರೆಡಿಟ್ ರಿಪೋರ್ಟ್ ಎಂಬುದೊಂದಿದೆಯಲ್ಲ, ಅದನ್ನು ಏಜೆಂಟರು ಕೇಳಿರಲೇ ಇಲ್ಲ. ನಾನೇ ಆನ್‌ಲೈನಿನಲ್ಲಿ ತರಿಸಿ, ತೆರೆದೂ ನೋಡದೆ ಲಗತ್ತಿಸಿದೆ. ಒಂದು ದಿನವೂ ಬಾಡಿಗೆ ತಡಮಾಡದ ಮನುಷ್ಯ ತನ್ನ ರಿಪೋರ್ಟನ್ನು ತಾನೇ ಯಾಕೆ ಓದಬೇಕು?

ಮಂಗಳವಾರ ಮೆಲಿಸ್ಸಾ ಫೋನ್ ಮಾಡಿದಳು. ನನ್ನ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದಳು. ನಾನು ಸಂಕೋಚದಿಂದ ಅದೇನು ದೊಡ್ಡದಲ್ಲ ಎಂದೆ. ಅಲ್ಲವಲ್ಲ, ಇಂಥದ್ದನ್ನು ಜನ ಮುಚ್ಚಿಡುತ್ತಾರೆ, ತಾವಾಗಿಯೇ ಕಳಿಸಿಕೊಟ್ಟವರನ್ನು ನನ್ನ ಸರ್ವಿಸಿನಲ್ಲೇ ನೋಡಿಲ್ಲ, ಆದರೆ ಓನರು ಬೇರೆಯವರನ್ನು ಆರಿಸಿಕೊಂಡರು ಎಂದಳು. ಎಂಥದ್ದನ್ನು ಎಂದು ಕೇಳಿದೆ. ನಾಲ್ಕನೇ ಪುಟ ಎಂದಳು.

ನಾಲ್ಕನೇ ಪುಟ ತೆರೆದವನು ಹಾಗೇ ಸೂಟ್‌ಕೇಸಿನ ಮೇಲೆ ಕುಸಿದೆ. ನನ್ನ ಹೆಸರು, ನನ್ನ ಜನ್ಮದಿನಾಂಕ, ಅದರ ಕೆಳಗೆ ಒಂದು ಫೋನ್ ಕಂಪನಿಯ ಬಿಲ್ಲು ಕಟ್ಟದೆ ಕೈಯೆತ್ತಿದವನು ಎಂಬ ಷರಾ. ನಾನು! ಹೋಟೆಲಿನಲ್ಲಿ ಚಿಲ್ಲರೆ ಹೆಚ್ಚು ಕೊಟ್ಟರೆ ವಾಪಸು ಓಡಿಹೋಗಿ ಕೊಟ್ಟು ಬರುವ ನಾನು!

"ಯಾವ ಫೋನು?" ಎಂದಳು ಸುಧಾ. ನಂಬರು ನೋಡಿದ ಮೇಲೆ ಹೊಳೆಯಿತು. ಮೆಲ್ಬರ್ನಿನಲ್ಲಿ ನಮ್ಮ ಕನ್ನಡ ಸಂಘಕ್ಕೆ ನಾನು ಖಜಾಂಚಿಯಾಗಿದ್ದೆ. ಸಂಘಕ್ಕೊಂದು ಫೋನು ಬೇಕೆಂದಾಗ ಕನೆಕ್ಷನ್ ಯಾರ ಹೆಸರಿಗೆ ಎಂಬ ಪ್ರಶ್ನೆ ಎದ್ದು, ಇಡೀ ಕಾರ್ಯಕಾರಿ ಸಮಿತಿ ಸೂರು ನೋಡತೊಡಗಿತು. "ನನ್ನ ಹೆಸರಿಗೇ ಹಾಕಿ, ಅದಕ್ಕೇನಂತೆ" ಎಂದವನು ನಾನೇ. ಅಧಿಕಾರ ಬಿಟ್ಟುಕೊಟ್ಟ ದಿನ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇವರ ಋಣ ತೀರಿಸಲು ನಮ್ಮಿಂದ ಸಾಧ್ಯವೇ ಇಲ್ಲ ಎಂದು ಭಾಷಣ ಮಾಡಿದರು. ಆಡಿದಂತೆಯೇ ನಡೆದುಕೊಂಡರು. ಫೋನು ನನ್ನ ಹೆಸರಿನಲ್ಲೇ ಉಳಿಯಿತು, ಆಮೇಲೆ ನಾವು ಮೆಲ್ಬರ್ನಿನಲ್ಲೇ ಮನೆ ಬದಲಾಯಿಸಿದ್ದರಿಂದ ಬಿಲ್ಲುಗಳೆಲ್ಲ ಹಳೆಯ ವಿಳಾಸಕ್ಕೆ ಹೋದವು.

ಈಗಿನ ಅಧ್ಯಕ್ಷರಿಗೆ ಫೋನ್ ಹಚ್ಚಿದೆ. "ಅಯ್ಯೋ ಸಾರ್, ಆ ಫೋನ್ ಇನ್ನೂ ಇದ್ಯಾ? ನಾವೆಲ್ಲಾ ವಾಟ್ಸಾಪಿಗೆ ಶಿಫ್ಟ್ ಆಗಿ ಕಾಲ ಆಯ್ತಲ್ಲ" ಎಂದು ಅವರೇ ಆಶ್ಚರ್ಯಪಟ್ಟರು. ನನಗೆ ಬಾಡಿಗೆ ಮನೆ ಸಿಗುತ್ತಿಲ್ಲ ಎಂದು ಗೋಳು ತೋಡಿಕೊಂಡೆ. "ನೆಕ್ಸ್ಟ್ ಮೀಟಿಂಗ್‌ನಲ್ಲಿ ಖಂಡಿತ ಇಡ್ತೀನಿ ಸಾರ್. ನಿಮ್ಮ ಸೇವೆನ ಸಂಘ ಮರೆಯೋ ಹಾಗೇ ಇಲ್ಲ" ಎಂದರು. ಆ ಮೀಟಿಂಗಿನಲ್ಲಿ ಏನಾಗುತ್ತದೆಂಬುದು ಸ್ವತಃ ಖಜಾಂಚಿಯಾಗಿದ್ದ ನನಗೆ ಗೊತ್ತಿತ್ತು. ಆ ಕ್ಷಣವೇ ಬಿಲ್ಲು ಕಟ್ಟಿ, ಇನ್ನು ಹೆಸರು ಅಳಿಸಿ ಎಂದು ಕಂಪನಿಯವನಿಗೆ ಹೇಳಿದೆ. ಅಳಿಸುವ ಹಾಗಿಲ್ಲವಂತೆ. ಕಟ್ಟಿದ್ದಾನೆ ಎಂದು ಪಕ್ಕದಲ್ಲಿ ಬರೆಯುತ್ತಾರಂತೆ, ಆದರೆ ಕಲೆ ಐದು ವರ್ಷ ಹಾಗೇ ಇರುತ್ತದಂತೆ. ಅಷ್ಟು ಹೊತ್ತಿಗೆ ಅನಘಾಳ ಸ್ಕೂಲೇ ಮುಗಿದಿರುತ್ತದೆ ಎಂದು ನೆನೆದು ನನಗೆ ನಿಜವಾಗಿ ಅಳು ಬಂತು.

ಇನ್ನೊಂದು ಮನೆಗೆ ಆ ಲಗತ್ತಿಲ್ಲದೆ ಅರ್ಜಿ ಹಾಕಬಹುದಿತ್ತು. ಆದರೆ ಸ್ಕೂಲಿನ ಹತ್ತಿರ ಖಾಲಿಯಿದ್ದ ಇನ್ನೊಂದೇ ಒಂದು ಮನೆಗೂ ಮೆಲಿಸ್ಸಾಳೇ ಏಜೆಂಟು, ಅವಳ ಫೈಲಿನಲ್ಲಿ ನಾನು ಭದ್ರವಾಗಿದ್ದೆ. ಅವಳಿಗೇ ಕನಿಕರ ಹುಟ್ಟಿ, ಅರ್ಜಿಯನ್ನು ಹೆಂಡತಿಯ ಹೆಸರಿನಲ್ಲಿ ಹಾಕಿ, ನಿಮ್ಮನ್ನು ಲೀಸಿನಿಂದ ಬಿಟ್ಟುಬಿಡೋಣ ಎಂದಳು. ನನ್ನನ್ನು ಬಿಡುವ ವಿಷಯದಲ್ಲಿ ಸುಧಾ ಸ್ವಲ್ಪವಾದರೂ ತಡೆಯುತ್ತಾಳೆಂದುಕೊಂಡಿದ್ದೆ. ಅವಳಾಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಯಾವ ಸಂಘದಲ್ಲೂ ಇಲ್ಲದ ಅವಳ ಚರಿತ್ರೆ ತೊಳೆದ ತಟ್ಟೆಯ ಹಾಗಿತ್ತು. ಕೇಳಿದ ಎರಡು ಕಾಗದ ಇಟ್ಟು ಮುಗಿಸಿದಳು. ಈಜಿನ ಸರ್ಟಿಫಿಕೇಟ್ ಹಿಡಿದು ನಿಂತಿದ್ದ ನನ್ನನ್ನು ತಿರುಗಿಯೂ ನೋಡಲಿಲ್ಲ. ನನ್ನ ಹೆಸರು "ಇತರ ವಾಸಿಗಳು" ಎಂಬಲ್ಲಿ ಅನಘಾಳ ಕೆಳಗೆ ಹೋಯಿತು. "ಡ್ಯಾಡ್, ಆಮ್ ಐ ಯುವರ್ ಸೀನಿಯರ್ ನೌ?" ಎಂದು ಅವಳು ಕೇಳಿದಳು.

ಎರಡು ದಿನ ಬಿಟ್ಟು ಮೆಲಿಸ್ಸಾಳ ಫೋನು. ಸುಧಾ ಸ್ಪೀಕರಿಗೆ ಹಾಕಿದಳು. ಓನರು ಒಪ್ಪಿದ್ದಾರೆ, ಒಂದೇ ಒಂದು ಅನುಮಾನ, ಜೊತೆಗಿರುವ ಆ ಇನ್ನೊಬ್ಬ ವಯಸ್ಕರ ಬಗ್ಗೆ ನಿಮಗೆ ಪೂರ್ತಿ ಭರವಸೆಯಿದೆಯೇ ಎಂದು ಕೇಳಿದಳು. ಮದುವೆಯ ದಿನ ಸುಧಾಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಈಗ ಕೇಳಿದ್ದರು. ಅವಳು ಬದನೆಕಾಯಿ ಆರಿಸುವಾಗ ನೋಡುವ ಹಾಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಫೋನಿನಲ್ಲಿ ಮೆಲಿಸ್ಸಾ ಎರಡು ಸಲ ಹಲೋ ಎಂದಳು. ಅನಘಾ ಉಗುರು ಕಚ್ಚತೊಡಗಿದಳು. ಕೊನೆಗೆ ಸುಧಾ ಇಂಗ್ಲಿಷಿನಲ್ಲಿ, ಪೂರ್ತಿ ಭರವಸೆಯಿದೆ, ಅವರಿಗೆ ನಾನು ಜವಾಬ್ದಾರಿ ಎಂದಳು. ಮನೆ ನಮ್ಮದಾಯಿತು.

ನನ್ನ ಕಣ್ಣಲ್ಲಿ ನೀರಾಡಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೂ ಮನಸ್ಸು ತಡೆಯದೆ ಕೇಳಿಯೇಬಿಟ್ಟೆ. "ಅಷ್ಟು ಹೊತ್ತು ಏನೇ ಯೋಚನೆ ಮಾಡ್ತಿದ್ದೆ?"

"ಇನ್ನೇನು? ನಿಜ ಹೇಳೋದಾ, ಮನೆ ತಗೊಳ್ಳೋದಾ ಅಂತ" ಎಂದಳು ಸುಧಾ.